ಪೆನ್ಸಿಲಿನೊಳಗಿನ ಗುಡ್ಡ, ಪೆನ್ಸಿಲಿನ ಮರ

(ಇಳಕಲ್‌ನಲ್ಲಿ ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣದ ಸಾರ)



ಪೆನ್ಸಿಲನ್ನು ನಮ್ಮ ಹಿರಿಯರು ಸೀಸದ ಕಡ್ಡಿ ಎಂದು ಕರೆದರು. ಅದರಲ್ಲಿ ಸೀಸ ಎಳ್ಳಷ್ಟೂ ಇಲ್ಲ. ಹದಿನಾರನೆಯ ಶತಮಾನದಲ್ಲಿ ಇಂಗ್ಲೆಂಡಿನ ಬಾರೋಡೇಲ್ ಕಣಿವೆಯಲ್ಲಿ ದೊರೆತ ಕಪ್ಪು ಖನಿಜವನ್ನು ಜನರು ಸೀಸವೆಂದೇ ಭಾವಿಸಿದರು. ಹೆಸರು ಹಾಗೆಯೇ ಉಳಿಯಿತು. ಅದು ಗ್ರಾಫೈಟ್. ವಜ್ರದಂತೆ ಅದೂ ಇಂಗಾಲದ ಒಂದು ರೂಪ.

1795ರಲ್ಲಿ ಫ್ರಾನ್ಸಿನ ನಿಕೊಲಾ ಜಾಕ್ ಕಾಂಟೆ ಅವರು ಗ್ರಾಫೈಟ್ ಪುಡಿಗೆ ಜೇಡಿಮಣ್ಣು ಕಲಸಿ, ಕಡ್ಡಿ ಮಾಡಿ, ಕುಂಬಾರರು ಮಡಕೆ ಸುಡುವಂತೆ ಸುಟ್ಟರು. ಮೂಲ ಕ್ರಮ ಇಂದಿಗೂ ಅದೇ. ಜೇಡಿ ಹೆಚ್ಚಾದರೆ ಕಡ್ಡಿ ಗಟ್ಟಿ, ಬರಹ ತಿಳಿ; ಗ್ರಾಫೈಟ್ ಹೆಚ್ಚಾದರೆ ಕಡ್ಡಿ ಮೆದು, ಬರಹ ಕಡುಕಪ್ಪು. ಪೆನ್ಸಿಲಿನ ಮೇಲಿರುವ ಎಚ್, ಬಿ ಅಕ್ಷರಗಳು ಸೂಚಿಸುವುದು ಇದನ್ನೇ. ಸಣ್ಣ ಕಾಲುವೆಗಳಂತೆ ಕೊರೆದ ಎರಡು ಮರದ ಪಟ್ಟಿಗಳ ನಡುವೆ ಈ ಕಡ್ಡಿಗಳನ್ನಿಟ್ಟು, ಅಂಟಿಸಿ, ಸೀಳಿದರೆ ಪೆನ್ಸಿಲ್ ಸಿದ್ಧ.

ಇದಕ್ಕೆ ನಮ್ಮ ಜಾಲಿಯಂಥ ಗಡಸು ಮರ ಒಗ್ಗದು. ಸಲೀಸಾಗಿ ಹೆರೆಯಬಲ್ಲ ಮರ ಬೇಕು. ಅಮೆರಿಕದ ಪೆನ್ಸಿಲ್ ತಯಾರಕರು ಕೆಂಪು ಸೀಡರ್ ಮರಗಳನ್ನು ಮಿತಿಯಿಲ್ಲದೆ ಕಡಿದು, ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಬೇರೆ ಮರವನ್ನು ಅರಸಬೇಕಾಯಿತು. ನಮ್ಮ ದೇಶದ ಪೆನ್ಸಿಲುಗಳಿಗೆ ಬಹುಮಟ್ಟಿಗೆ ಕಾಶ್ಮೀರದ ಪುಲ್ವಾಮಾ ಭಾಗದಿಂದ ಪಾಪ್ಲರ್ ಮರ ಬರುತ್ತದೆ. ಅಲ್ಲಿನ ರೈತರು ಅದನ್ನು ನೆಟ್ಟು ಬೆಳೆಸುತ್ತಾರೆ.

ಹೀಗೆ ಒಂದೇ ಪೆನ್ಸಿಲಿನಲ್ಲಿ ಎರಡು ಬಗೆಯ ಸಂಪತ್ತಿದೆ. ಕಡಿದ ಮರವನ್ನು ಮತ್ತೆ ನೆಡಬಹುದು. ಅಗೆದ ಖನಿಜವನ್ನು ನೆಡಲಾಗದು. ನಮ್ಮ ಇಳಕಲ್ ಕೂಡ ಹಾಗೆಯೇ. ಸೀರೆ ಮತ್ತು ಕೆಂಪು ಗ್ರಾನೈಟ್, ಇವೆರಡರಿಂದಲೂ ಊರಿಗೆ ಹೆಸರು ಬಂದಿದೆ, ಮನೆಗಳಿಗೆ ಅನ್ನ ದೊರೆತಿದೆ. ಸೀರೆಯ ಹತ್ತಿ ಮುಂದಿನ ಮಳೆಗೆ ಮತ್ತೆ ಬೆಳೆಯುತ್ತದೆ. ಗ್ರಾನೈಟ್ ಬಂಡೆಯಾದರೋ ಇನ್ನೂರು ಕೋಟಿ ವರ್ಷಗಳಿಗೂ ಹಿಂದಿನದು. ಲಾರಿ ಏರಿದ ಮೇಲೆ ಮರಳಿ ಬಾರದು. ಬಾದಾಮಿಯ ಮೂರನೆಯ ಗುಹೆಯಲ್ಲಿ 578ರಲ್ಲಿ ಮಂಗಳೇಶನು ಕೆತ್ತಿಸಿದ ಶಾಸನವನ್ನು ನಾವು ಇಂದಿಗೂ ಓದಬಲ್ಲೆವು, ಏಕೆಂದರೆ ಆ ಬೆಟ್ಟ ಉಳಿದಿದೆ.

ಕಲ್ಲನ್ನು ಮುಟ್ಟಲೇಬಾರದೆಂದು ನಾನು ಹೇಳಲಾರೆ; ಗಣಿಯ ಕೂಲಿಯಿಂದಲೇ ಒಲೆ ಉರಿಯುವ ಮನೆಗಳಿವೆ. ಆದರೆ ಎಷ್ಟು ತೆಗೆಯಬೇಕು, ಯಾವ ಗುಡ್ಡವನ್ನು ಬಿಡಬೇಕು, ಅಗೆದ ಗುಂಡಿಯನ್ನು ಏನು ಮಾಡಬೇಕು ಎಂದು ಕೇಳುವ ಹಕ್ಕು ಊರಿನದು.

ವಿದ್ಯಾರ್ಥಿಗಳೇ, ನಿಮ್ಮ ಪೆನ್ಸಿಲಿನಿಂದ ನಿಮ್ಮೂರಿನ ನಕ್ಷೆ ಬರೆಯಿರಿ. ಗುಡ್ಡ, ಹಳ್ಳ, ಕೆರೆ, ಗೋಮಾಳ, ಗಣಿಗುಂಡಿಗಳನ್ನು ಗುರುತಿಸಿ, ದಿನಾಂಕ ಹಾಕಿರಿ. ಮುಂದಿನ ವರ್ಷ ಮತ್ತೊಂದನ್ನು ಬರೆದು, ಎರಡನ್ನೂ ಗ್ರಾಮಸಭೆಯ ಮುಂದಿಡಿರಿ. ಹಿರಿಯರು ಉತ್ತರ ಹೇಳಲಿ.