ಮೋರ್ಯರ ಗುಡ್ಡದಲ್ಲಿ ಮಳೆ ಹಿಡಿದಾಗ



ಗಂಗಾವತಿ ತಾಲ್ಲೂಕಿನ ಹಿರೇಬೆಣಕಲ್ ಗುಡ್ಡವನ್ನು ಸುತ್ತಲಿನ ಜನ ಮೋರ್ಯರ ಗುಡ್ಡವೆನ್ನುತ್ತಾರೆ. ಎರಡು ಸಾವಿರ ವರ್ಷಗಳಿಗೂ ಹಿಂದಿನ ನೂರಾರು ಶಿಲಾಸಮಾಧಿಗಳು ಅಲ್ಲಿವೆ. 2021ರಲ್ಲಿ ಈ ನೆಲೆ ಯುನೆಸ್ಕೋದ ತಾತ್ಕಾಲಿಕ ಪಟ್ಟಿಗೆ ಸೇರಿತು.

ಕೊಪ್ಪಳ ಬರದ ನಾಡು, ಇಲ್ಲಿ ಮಳೆಗೆ ಅಂಜುವುದೇಕೆ ಎನ್ನುವವರುಂಟು. ಮಳೆ ಕಡಿಮೆ, ನಿಜ; ಆದರೆ ಹುಬ್ಬಿ, ಉತ್ತರಿಯ ಕಾಲದಲ್ಲಿ ಗುಡುಗಿನೊಡನೆ ಒಮ್ಮೆಲೇ ಸುರಿಯುವುದುಂಟು. ಬೋಳುಬಂಡೆ ನೀರನ್ನು ಹೀರದು. ಬೆಳಿಗ್ಗೆ ಹತ್ತಿದ ಒಣಜಾಡೇ ಮಧ್ಯಾಹ್ನ ಹಳ್ಳವಾಗುತ್ತದೆ.

ಆಗ ತಂಡದ ಕಣ್ಣು ಮೊದಲು ಹೋಗುವುದು ಸಮಾಧಿಗಳ ಕಡೆಗೆ. ಕಲ್ಲಿನ ಮನೆಯಂತೆಯೇ ಕಾಣುತ್ತವಲ್ಲ! ಆದರೆ ಅವು ಗಾರೆಯಿಲ್ಲದೆ ನಿಲ್ಲಿಸಿದ ಚಪ್ಪಡಿಗಳು. ಹಲವು ಈಗಾಗಲೇ ವಾಲಿವೆ. ಹತ್ತು ಜನ ಒಳಹೊಕ್ಕು ಒರಗಿದರೆ ಕಲ್ಲಿಗೂ ಕೇಡು, ಕಾಲಿಗೂ ಕೇಡು. ತೆರೆದ ನೆತ್ತಿಯ ಮೇಲಿನ ಆ ಆಸರೆ ಸಿಡಿಲನ್ನಂತೂ ತಡೆಯದು. ಬಂಡೆಗಳ ಅಡಿಯ ಗವಿಗಳಲ್ಲಿ ಕರಡಿ ಇರಬಹುದು.

ಮಿಂಚು ಕಂಡು 30 ಸೆಕೆಂಡಿನೊಳಗೆ ಗುಡುಗು ಕೇಳಿದರೆ ಸಿಡಿಲು ಸುಮಾರು 10 ಕಿಲೋಮೀಟರಿನೊಳಗಿದೆ, ಒಡನೆಯೇ ಇಳಿಯಬೇಕು. ಕೊನೆಯ ಗುಡುಗಿನ ಬಳಿಕ 30 ನಿಮಿಷ ಕಳೆಯುವತನಕ ಮತ್ತೆ ಏರಬಾರದು. ಇಳಿಯುವಾಗ ನಿಧಾನವಾಗಿ ನಡೆಯುವವರು ಮುಂದಿರಲಿ, ದಾರಿ ಬಲ್ಲವರೊಬ್ಬರು ಕೊನೆಯಲ್ಲಿರಲಿ.

ಹೊರಡುವ ಮುನ್ನ ಮೊಬೈಲಿನಲ್ಲಿ 'ದಾಮಿನಿ' ಆ್ಯಪ್ ನೋಡುವುದು ಒಳ್ಳೆಯದು; ಊರಿನ ಕುರಿಗಾಹಿಯನ್ನು ಕೇಳುವುದು ಇನ್ನೂ ಒಳ್ಳೆಯದು. ಆತ ಮಂದೆಯನ್ನು ಕೆಳಗೆ ಹೊಡೆಯುತ್ತಿರುವಾಗ ಪಟ್ಟಣದ ತಂಡ ನಗಾರಿಗುಂಡಿನ ಮುಂದೆ ಫೋಟೋ ತೆಗೆಸಿಕೊಳ್ಳುತ್ತಿರುತ್ತದೆ.