ರಕ್ತದೊತ್ತಡವೂ ಫೋನಿನ ಡಾಕ್ಟರೂ
(ಪುಣೆಯಲ್ಲಿ ಸಂಘದ ಸಭೆಯಲ್ಲಿ ಮಾಡಿದ ಭಾಷಣ)



ಪಗಾರ, ಬೋನಸ್ಸು, ರಜೆ ಇವುಗಳ ಮಾತನ್ನು ನಾವು ಇಲ್ಲಿ ಎಷ್ಟೋ ಸಲ ಆಡಿದ್ದೇವೆ. ಇಂದು ಆಡುವುದು ರಕ್ತದೊತ್ತಡದ ಮಾತು. ಇದೂ ಹೊಟ್ಟೆಪಾಡಿನ ಮಾತೇ. ದುಡಿಯುವ ಕೈಯೇ ಬಿದ್ದುಹೋದ ಮೇಲೆ ಪಗಾರದ ಮಾತು ಯಾರಿಗೆ ಬೇಕು?

ನಮ್ಮ ಖೋಲಿಯಲ್ಲಿ ಕುಂದಾಪುರದ ಕಡೆಯ ದೋಸೆ ಭಟ್ಟರೊಬ್ಬರಿದ್ದರು. ಬೆಳಿಗ್ಗೆ 5ಕ್ಕೆ ಕಾವಲಿಯ ಮುಂದೆ ನಿಂತರೆ ಮಧ್ಯಾಹ್ನದ ತನಕ ಕದಲುತ್ತಿರಲಿಲ್ಲ. ಒಮ್ಮೆ ತಲೆ ಸುತ್ತಿತೆಂದು ದವಾಖಾನೆಗೆ ಹೋದಾಗ ಒತ್ತಡ 170/100 ಇದ್ದಿತು. ಡಾಕ್ಟರು ಗುಳಿಗೆ ಬರೆದು, ತಿಂಗಳಿಗೊಮ್ಮೆ ಬರಹೇಳಿದರು. ಎರಡು ತಿಂಗಳು ಹೋದರು. ಮೂರನೆಯ ಸಲ “ಬದಲಿ ಆಳು ಕೊಟ್ಟು ಹೋಗಿ” ಎಂದರು ಮಾಲಕರು. ಹೋದರೆ ಅರ್ಧ ದಿನದ ಕೂಲಿಯೂ ಖೋತಾ. “ಈಗ ಮೈ ಹಗುರಾಗಿದೆಯಲ್ಲ, ಇನ್ನೇಕೆ ಗುಳಿಗೆ?” ಎಂದು ಭಟ್ಟರು ಬಿಟ್ಟೇಬಿಟ್ಟರು. ನಾವೂ ಹೌದೆಂದು ತಲೆ ಆಡಿಸಿದೆವು. ಅದು ನಮ್ಮ ತಪ್ಪು. ಏಳೆಂಟು ತಿಂಗಳ ಮೇಲೆ ಒಂದು ಬೆಳಿಗ್ಗೆ ಸಟ್ಟುಗ ಕೈಯಿಂದ ಜಾರಿತು, ಬಾಯಿ ಸೊಟ್ಟಗಾಯಿತು. ಜೀವ ಉಳಿಯಿತು, ಬಲಗೈ ಉಳಿಯಲಿಲ್ಲ. ಇಂದು ಊರಿನಲ್ಲಿ ಮಗಳು ತುತ್ತು ಕೊಟ್ಟರೆ ಊಟ.

ಬಂಧುಗಳೇ, ಈ ರೋಗ ನೋಯುವುದಿಲ್ಲ. ಅದೇ ಇದರ ಮೋಸ. ದವಾಖಾನೆಯಲ್ಲಿ ಬೇರೆ ಬೇರೆ ದಿನ ನೋಡಿದಾಗಲೂ 140/90 ಅಥವಾ ಅದಕ್ಕೆ ಮೇಲೆ ಬಂದರೆ ಒತ್ತಡ ಹೆಚ್ಚೆಂದು ತಿಳಿಯಬೇಕು. ದೇಶದ ವಯಸ್ಕರಲ್ಲಿ 100ಕ್ಕೆ 35 ಮಂದಿಗೆ ಇದಿದೆಯೆಂದು ಐಸಿಎಂಆರ್ ಆಶ್ರಯದ ಅಧ್ಯಯನವೊಂದು 2023ರಲ್ಲಿ ಹೇಳಿತು. ಗುಳಿಗೆ ಒತ್ತಡವನ್ನು ಹಿಡಿದಿಡುತ್ತದೆಯೇ ಹೊರತು ಬೇರುಸಹಿತ ಕೀಳುವುದಿಲ್ಲ. ಮೈ ಹಗುರಾದದ್ದು ಗುಳಿಗೆಯಿಂದ. ಗುಳಿಗೆ ಬಿಡಲು ಅದು ಕಾರಣವಲ್ಲ.

ಹಾಗಾದರೆ ತಿಂಗಳಿಗೊಮ್ಮೆ ಕೂಲಿ ಕಳೆದುಕೊಳ್ಳಬೇಕೆ? ಎಲ್ಲ ಸಲವೂ ಬೇಕಾಗಿಲ್ಲ. ಫೋನಿನ ಮೂಲಕ ಚಿಕಿತ್ಸೆ ಕೊಡುವುದಕ್ಕೆ ಸರಕಾರ 2020ರ ಮಾರ್ಚ್ 25ರಂದು ನಿಯಮ ಹೊರಡಿಸಿತು. ಹೊಟೇಲುಗಳು ಮುಚ್ಚಿ ನಾವು ಗಂಟುಮೂಟೆ ಕಟ್ಟಿದ ದಿನಗಳವು. ಮರುತಿಂಗಳೇ ಇ-ಸಂಜೀವನಿಯ ಓಪಿಡಿ ಆರಂಭವಾಯಿತು. ಇದು ಸರಕಾರದ್ದು, ಪುಕ್ಕಟೆ. ಮೊಬೈಲ್ ನಂಬರು ಕೊಟ್ಟು ಹೆಸರು ನೋಂದಾಯಿಸಿದರೆ ಟೋಕನ್ ಸಿಗುತ್ತದೆ. ಸರದಿ ಬಂದಾಗ ಡಾಕ್ಟರು ವಿಡಿಯೋದಲ್ಲಿ ಮಾತಾಡಿ ಚೀಟಿ ಕಳುಹಿಸುತ್ತಾರೆ. ಓಪಿಡಿ ತೆರೆದಿರುವ ಹೊತ್ತು ನೋಡಿಕೊಂಡು ಮಧ್ಯಾಹ್ನದ ಬಿಡುವಿನಲ್ಲಿ ಇದನ್ನು ಮಾಡಬಹುದು. ಮಾತು ಮರಾಠಿಯಲ್ಲೋ ಹಿಂದಿಯಲ್ಲೋ ಆದರೆ ಸಂಕೋಚ ಬೇಡ. ದಿನವೂ ಆರ್ಡರು ತೆಗೆದುಕೊಳ್ಳುವ ಭಾಷೆಯೇ ಅದು.

ಆದರೆ ಫೋನು ನಮ್ಮ ತೋಳು ಹಿಡಿದು ನೋಡಲಾರದು. ಲೆಕ್ಕ ನಾವೇ ಕೊಡಬೇಕು. ತೋಳಿಗೆ ಕಟ್ಟುವ ಮೆಶೀನು ಎರಡು ಸಾವಿರ ರೂಪಾಯಿಯೊಳಗೆ ಬರುತ್ತದೆ. ಖೋಲಿಯಲ್ಲಿ ಎಂಟು ಜನರಿದ್ದರೆ ತಲೆಗೆ 250 ರೂಪಾಯಿ. ಮಣಿಕಟ್ಟಿನದು ಬೇಡ. ನೋಡುವುದಕ್ಕೆ ಅರ್ಧ ಗಂಟೆ ಮುಂಚೆ ಚಹಾ, ಕಾಫಿ, ಬೀಡಿ ಬಿಡಿ. ಮೂತ್ರಕ್ಕೆ ಹೋಗಿ ಬನ್ನಿ. ಬೆನ್ನು ಗೋಡೆಗೆ ಕೊಟ್ಟು, ಪಾದ ನೆಲಕ್ಕೂರಿ, ಐದು ನಿಮಿಷ ಸುಮ್ಮನೆ ಕುಳಿತುಕೊಳ್ಳಿ. ತೋಳು ಎದೆಯ ಮಟ್ಟದಲ್ಲಿರಲಿ. ಒಂದು ನಿಮಿಷ ಬಿಟ್ಟು ಎರಡು ಸಲ ನೋಡಿ. ಬೆಳಿಗ್ಗೆ ಗುಳಿಗೆಗೆ ಮುಂಚೆ, ಮತ್ತೆ ಸಂಜೆ, ಹೀಗೆ ಒಂದು ವಾರ ತಾರೀಖು ಸಹಿತ ವಹಿಯಲ್ಲಿ ಬರೆಯಿರಿ. ಹೀಗೆ ಮನೆಯಲ್ಲಿ ನೋಡಿದ ಸರಾಸರಿ 135/85 ದಾಟಿದರೂ ಹೆಚ್ಚೇ. ಫೋನಿನಲ್ಲಿ ಆ ವಹಿಯನ್ನೇ ಓದಿ ಹೇಳಿ.

ನಮ್ಮ ಕಸುಬಿನವರು ಇನ್ನು ಮೂರು ಸಂಗತಿಗಳನ್ನು ಮುಚ್ಚಿಡಬಾರದು. ನಿಂತು ನಿಂತು ಮೊಣಕಾಲು ನೊಂದರೆ ಮೆಡಿಕಲ್ ಅಂಗಡಿಯಿಂದ ಡೈಕ್ಲೋಫಿನಾಕ್, ಐಬುಪ್ರೊಫೇನ್ ತಂದು ನುಂಗುತ್ತೇವೆ. ಇವು ಒತ್ತಡ ಏರಿಸುತ್ತವೆ. ಅಮ್ಲೋಡಿಪಿನ್ ಗುಳಿಗೆಯಿಂದ ಕೆಲವರಿಗೆ ಪಾದ ಊದುತ್ತದೆ. ನಿಂತದ್ದರಿಂದ ಊದಿತೆಂದು ಸುಮ್ಮನಿರಬೇಡಿ, ಗುಳಿಗೆಯನ್ನೂ ಬಿಡಬೇಡಿ, ಹೇಳಿ ಬದಲಿಸಿಕೊಳ್ಳಿ. ಮೂರನೆಯದು ಉಪ್ಪು. ದಿನಕ್ಕೆ 5 ಗ್ರಾಂ, ಎಂದರೆ ಒಂದು ಚಿಕ್ಕ ಚಮಚ, ಸಾಕು. ಭಟ್ಟಿಯ ಮುಂದೆ ನಿಂತು ತಿನ್ನುವ ಉಪ್ಪಿನಕಾಯಿ, ಹಪ್ಪಳ, ಉಳಿದ ಸಾಂಬಾರು, ಇವೂ ಆ ಲೆಕ್ಕದಲ್ಲೇ ಸೇರುತ್ತವೆ.

ಫೋನಿಗೂ ಒಂದು ಮಿತಿಯಿದೆ. ಮೊದಲನೆಯ ತಪಾಸಣೆಯನ್ನು ಎದುರಿಗೇ ಹೋಗಿ ಮಾಡಿಸಿಕೊಳ್ಳಿ. ಮೂತ್ರಪಿಂಡದ ರಕ್ತಪರೀಕ್ಷೆ, ಇಸಿಜಿ ಫೋನಿನಲ್ಲಿ ಆಗುವುದಿಲ್ಲ. ಬಾಯಿ ಸೊಟ್ಟಗಾದರೆ, ಮಾತು ತೊದಲಿದರೆ, ಒಂದು ಕೈ ಸೋತರೆ, ಎದೆ ನೊಂದರೆ ಟೋಕನ್ ಹಿಡಿದು ಕೂರಬೇಡಿ. ಕೂಡಲೇ 108ಕ್ಕೆ ಫೋನು ಮಾಡಿ ಸಸೂನ್‌ನಂಥ ದೊಡ್ಡ ಆಸ್ಪತ್ರೆಗೆ ಹೋಗಿ. ಮೆದುಳಿನ ರಕ್ತನಾಳದ ಹೆಪ್ಪು ಕರಗಿಸುವ ಮದ್ದಿಗೆ ನಾಲ್ಕೂವರೆ ಗಂಟೆಯೇ ಗಡುವು. ಶುರುವಾದ ಹೊತ್ತನ್ನು ನೋಡಿಕೊಂಡು ಡಾಕ್ಟರಿಗೆ ಹೇಳಿ.

ಮಾಲಕರಲ್ಲಿ ನಾವು ಕೇಳುವುದು ದೊಡ್ಡದೇನಲ್ಲ. ಫೋನಿನ ಡಾಕ್ಟರಿಗಾಗಿ ತಿಂಗಳಿಗೆ ಅರ್ಧ ಗಂಟೆ, ಪರೀಕ್ಷೆಗಾಗಿ ವರ್ಷಕ್ಕೊಂದು ದಿನ, ಎರಡೂ ಕೂಲಿ ಕಡಿಯದೆ. ಇದನ್ನು ಸಂಘ ಕೇಳಲಿದೆ. ಆದರೆ ಅದು ಸಿಗುವ ತನಕ ಗುಳಿಗೆ ಕಾಯುವುದಿಲ್ಲ. ಈ ವಾರವೇ ಖೋಲಿಗೊಂದು ಮೆಶೀನು, ಆಳಿಗೊಂದು ವಹಿ ಇಡೋಣ. ಪಕ್ಕದ ಹಾಸಿಗೆಯವನು ಗುಳಿಗೆ ಬಿಟ್ಟರೆ ನಾವು ತಲೆ ಆಡಿಸದೆ ಕೇಳೋಣ. ಭಟ್ಟರನ್ನು ನಾವು ಕೇಳಲಿಲ್ಲ.