ಅಲೆಗಳು ಮತ್ತು ಕಡಲತಳದ ಕೊಳವೆಗಳು

ಮುಂಬಯಿಗೆ ಪಶ್ಚಿಮದಲ್ಲಿ ಸುಮಾರು 160 ಕಿಲೋಮೀಟರ್ ದೂರ, ಅರಬ್ಬೀ ಸಮುದ್ರದಲ್ಲಿ 1974ರಲ್ಲಿ ಪತ್ತೆಯಾದ ಮುಂಬಯಿ ಹೈ ಕ್ಷೇತ್ರದ ತೈಲ ಹಾಗೂ ಅನಿಲವನ್ನು ಕಡಲತಳದ ಉಕ್ಕಿನ ಕೊಳವೆಗಳು ದಡಕ್ಕೆ ತಲುಪಿಸುತ್ತವೆ. ಇಂತಹ ಕೊಳವೆಗಳಿಗೆ ಅಲೆಗಳ ಬಾಧೆ ಆಳ ಕಡಲಿಗಿಂತ ದಡದ ಬಳಿಯೇ ಹೆಚ್ಚೆಂದರೆ ಆಶ್ಚರ್ಯವಾಗಬಹುದು. ಅಲೆಯ ಚಲನೆಯು ಅದರ ಉದ್ದದ ಅರ್ಧದಷ್ಟು ಆಳದಲ್ಲಿ ಬಹುಮಟ್ಟಿಗೆ ಅಡಗಿಬಿಡುತ್ತದೆ. ಆಳ ಕಡಿಮೆಯಾದಲ್ಲಿ ತಳವನ್ನು ಮುಟ್ಟುತ್ತದೆ.

ತಳದಲ್ಲಿ ನುಣ್ಣನೆಯ ಸಡಿಲ ಮರಳಿದ್ದರೆ, ಬಿರುಗಾಳಿಯ ಅಲೆಗಳು ಅದನ್ನು ಮತ್ತೆ ಮತ್ತೆ ಒತ್ತಿದಂತೆ ಕಣಗಳ ನಡುವಣ ನೀರಿನ ಒತ್ತಡ ಏರುತ್ತದೆ. ಕೊನೆಗೆ ಕಣಗಳು ಪರಸ್ಪರ ಆಸರೆ ಕಳೆದುಕೊಂಡು ನೆಲವೇ ಗಂಜಿಯಂತಾಗುತ್ತದೆ. ಕಾಂಕ್ರೀಟ್ ಹೊದಿಕೆಯ ತೂಕದಿಂದ ನೀರಿನಲ್ಲಿ ಮುಳುಗಿದ್ದ ಅನಿಲದ ಕೊಳವೆ, ಈ ಗಂಜಿಗಿಂತ ಹಗುರವಾಗಿದ್ದರೆ, ಹೂತಲ್ಲಿಂದ ಮೇಲೇಳುತ್ತದೆ. ನೀರಿನ ತೂಕವನ್ನಷ್ಟೇ ಲೆಕ್ಕಹಾಕಿದರೆ ಸಾಲದು. ಕೊಳವೆ ಹೂಳುವ ಕಂದಕವನ್ನು ಜಲ್ಲಿಯಿಂದ ತುಂಬುವುದು ಲೇಸು. ಅದರ ಸಂದುಗಳಿಂದ ನೀರು ಬೇಗ ಹೊರಬಿದ್ದು, ಒತ್ತಡ ಇಳಿಯುತ್ತದೆ.